ಕಪ್ಪು ಪರದೆಯ ಕಾಗದ ವ್ಯವಹಾರ

ಊರು ಬಿಟ್ಟು ಬಂದವರಿಗೆ ದೂರದಿಂದಲೇ ಮನೆ ನಡೆಸುವ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮುಂಬಯಿಗೆ ಬಂದ ನಮ್ಮ ಹಿರಿಯರೆಲ್ಲ ಅದರಲ್ಲಿ ಪಳಗಿದವರೇ. ಗಿರಗಾಂವದ ಖೋಲಿಯಲ್ಲಿ ಕುಳಿತು ಕುಂದಾಪುರದ ಗದ್ದೆ ನಾಟಿ ಮಾಡಿಸಿದವರಿದ್ದಾರೆ. ಮಾಟುಂಗದಿಂದಲೇ ತಂಗಿಯ ಮದುವೆಗೆ ಚಪ್ಪರ ಹಾಕಿಸಿದವರಿದ್ದಾರೆ. ನನ್ನ ದೊಡ್ಡಪ್ಪ ಇಲ್ಲಿ ಮೂವತ್ತು ವರ್ಷ ನೌಕರಿ ಮಾಡಿದರು. ಆ ಮೂವತ್ತು ವರ್ಷವೂ ಶಿರಸಿ ಕಡೆಯ ನಮ್ಮ ಅಡಿಕೆ ತೋಟದ ಯಜಮಾನಿಕೆ ಅವರದೇ ಆಗಿತ್ತು. ವ್ಯವಹಾರವೆಲ್ಲ ಇನ್‌ಲೆಂಡ್ ಪತ್ರದ ಮೇಲೆ.

ಅವರ ಪತ್ರಕ್ಕೆ ಒಂದು ಶಿಸ್ತಿತ್ತು. ಮೇಲಿನ ಮೂಲೆಯಲ್ಲಿ ಪತ್ರದ ಸಂಖ್ಯೆ. ಒಳಗೆ ಒಂದು, ಎರಡು, ಮೂರು ಎಂದು ಕಲಮುಗಳು. ಕೊಳೆ ಔಷಧಿ ಎರಡನೆಯ ಸಲ ಹೊಡೆದಾಯಿತೇ? ಕೊನೆಗೌಡನಿಗೆ ಹಣ ಮುಟ್ಟಿತೇ? ಕೆಳಗಿನ ತೋಟದ ಬೇಲಿ ಏನಾಯಿತು? ಊರಿನಿಂದ ಬರೆಯುವವರು ಇವರ ಪತ್ರದ ಸಂಖ್ಯೆಯನ್ನು ನಮೂದಿಸಿ ಕಲಮುವಾರು ಉತ್ತರ ಕೊಡಬೇಕು. ಹದಿನೇಳನೆಯ ಪತ್ರಕ್ಕೆ ಉತ್ತರ ಬಂದು ಹದಿನಾರನೆಯದಕ್ಕೆ ಬರದಿದ್ದರೆ, ಹದಿನಾರು ದಾರಿಯಲ್ಲಿ ಕಳೆದುಹೋಯಿತೆಂದು ಲೆಕ್ಕ. ಅದರ ಪ್ರತಿ ಇವರ ಹತ್ತಿರ ಇದ್ದೇ ಇರುತ್ತಿತ್ತು. ಮತ್ತೆ ಬರೆದು ಹಾಕುತ್ತಿದ್ದರು. ಅಂಚೆ ಒಂದಲ್ಲ ಒಂದು ದಿನ ಕೈಕೊಡುತ್ತದೆ ಎಂದು ನಂಬಿಕೊಂಡೇ ಅವರು ಅಂಚೆಯನ್ನು ಬಳಸಿದರು. ಹಾಗಾಗಿ ತೋಟ ಉಳಿಯಿತು.

ಇದನ್ನು ನೆನೆಯಲು ಕಾರಣವಿದೆ. ಈಗ ನಮ್ಮ ಮನೆಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ ನೋಟ. ಮಗನೋ ಸೊಸೆಯೋ ರಾತ್ರಿ ಹನ್ನೊಂದು ಗಂಟೆಗೆ ಗಣಕಯಂತ್ರದ ಮುಂದೆ ಕುಳಿತಿರುತ್ತಾರೆ. ಪರದೆ ಕಪ್ಪು, ಅದರ ಮೇಲೆ ಬಿಳಿಯ ಅಕ್ಷರಗಳು ಸರಸರನೆ ಏರುತ್ತಿರುತ್ತವೆ. ಚಿತ್ರವಿಲ್ಲ, ಬಣ್ಣವಿಲ್ಲ. "ಏನು ಮಾಡ್ತಾ ಇದ್ದೀಯಾ?" ಎಂದು ಕೇಳಿದರೆ "ಸರ್ವರ್ ನೋಡ್ತಾ ಇದ್ದೇನೆ" ಎಂಬ ಉತ್ತರ. ಸರ್ವರ್ ಎಲ್ಲಿದೆ ಎಂದರೆ ಸಿಂಗಾಪುರವೆಂದೋ ಐರ್ಲೆಂಡೆಂದೋ ಹೇಳುತ್ತಾರೆ. ಡೊಂಬಿವಲಿಯ ಅಡುಗೆಮನೆಯ ಪಕ್ಕದಲ್ಲಿ ಕುಳಿತು ಐರ್ಲೆಂಡನ್ನು ನೋಡುವುದು ಹೇಗೆ ಎಂದು ಹಿರಿಯರು ಮತ್ತೆ ಕೇಳುವುದಿಲ್ಲ. ಕೇಳಿದರೂ ಮಕ್ಕಳಿಗೆ ಹೇಳುವ ವ್ಯವಧಾನವಿಲ್ಲ.

ನಾನು ಸಾಫ್ಟ್‌ವೇರ್ ಕಂಪನಿಯವನಲ್ಲ. ಧಾರವಾಡದಲ್ಲಿ ಬಿಎಸ್‌ಸಿ ಮಾಡಿ, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಕಡತಗಳ ನಡುವೆ ಇರುವವನು. ನೌಕರಿ ಸಿಗುವುದಕ್ಕೆ ಮುಂಚೆ 'ಓ' ಲೆವೆಲ್ ಎಂಬ ಗಣಕ ಪರೀಕ್ಷೆಗೆ ಕಟ್ಟಿದ್ದೆ. ಆಗ ಹತ್ತಿದ ಗೀಳು ಬಿಟ್ಟಿಲ್ಲ. ಕಪ್ಪು ಪರದೆಯ ಮುಂದೆ ಆರು ರಾತ್ರಿ ಕೂರುವ ಯೋಗ 2023ರ ಮಳೆಗಾಲದಲ್ಲಿ ನನಗೂ ಬಂತು. ಅದಕ್ಕೆ ಕಾರಣ ಈಗ ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯೇ.

ಹಳೆಯ ಸದಸ್ಯರಿಗೆ ನೆನಪಿರಬಹುದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದಾಗ ಸಂಘದ ನೆಲಮಾಳಿಗೆಯ ಕೋಣೆಗೂ ನೀರು ನುಗ್ಗಿತು. ಪತ್ರಿಕೆಯ ಹಳೆಯ ಸಂಚಿಕೆಗಳ ಕಟ್ಟುಗಳು ಎರಡು ದಿನ ನೀರಿನಲ್ಲೇ ಇದ್ದವು. ಮುಂದೆ ಕೆಲವು ಉತ್ಸಾಹಿ ತರುಣರು ಸದಸ್ಯರ ಮನೆಮನೆಗೆ ಹೋಗಿ, ಅಟ್ಟದ ಮೇಲಿನ, ಟ್ರಂಕಿನೊಳಗಿನ ಪ್ರತಿಗಳನ್ನು ಬೇಡಿ ತಂದು, 14,000ಕ್ಕೂ ಹೆಚ್ಚು ಪುಟಗಳನ್ನು ಸ್ಕ್ಯಾನ್ ಮಾಡಿದರು. ಒಂದು ಪ್ರತಿ ಸಂಘದ ಹಾರ್ಡ್‌ಡಿಸ್ಕಿನಲ್ಲಿ. ಇನ್ನೊಂದು ಬಾಡಿಗೆಗೆ ಪಡೆದ ದೂರದ ಸರ್ವರಿನಲ್ಲಿ. ಸರ್ವರ್ ಎಂದರೆ ಬೇರೇನಲ್ಲ, ಹಗಲಿರುಳು ಚಾಲೂ ಇರುವ ಒಂದು ಗಣಕಯಂತ್ರ. ಅದಕ್ಕೆ ಸಾಮಾನ್ಯವಾಗಿ ಪರದೆಯಿಲ್ಲ, ಕೀಲಿಮಣೆಯಿಲ್ಲ. ಎಲ್ಲೋ ತಂಪು ಕೋಣೆಯಲ್ಲಿ ಸಾಲಾಗಿ ಜೋಡಿಸಿದ ಪೆಟ್ಟಿಗೆಗಳಲ್ಲೊಂದು.

ಹಾರ್ಡ್‌ಡಿಸ್ಕು ಮಳೆಗಾಲದ ತೇವಕ್ಕೆ ಕೆಟ್ಟು ಕುಳಿತಿತು. ಉಳಿದದ್ದು ಸರ್ವರಿನ ಪ್ರತಿಯೊಂದೇ. ಅಷ್ಟರಲ್ಲಿ ಬಾಡಿಗೆ ಕೊಟ್ಟ ಕಂಪನಿಯವರು ಆ ಸೇವೆಯನ್ನೇ ಮುಚ್ಚುತ್ತಿದ್ದೇವೆಂದು ಮೂರು ವಾರದ ನೋಟೀಸು ಕಳಿಸಿದರು. ಅದು ಹೋಗಿ ಬಿದ್ದದ್ದು ಸಂಘದಲ್ಲಿ ಈಗ ಯಾರೂ ತೆರೆಯದ ಒಂದು ಹಳೆಯ ವಿಳಾಸಕ್ಕೆ. ಕಾರ್ಯದರ್ಶಿಗಳ ಕಣ್ಣಿಗೆ ಅದು ಬೀಳುವಾಗ ಒಂಬತ್ತು ದಿನ ಮಾತ್ರ ಉಳಿದಿತ್ತು. ಸಭೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಕಾರ್ಯದರ್ಶಿಗಳು ನನ್ನ ಕಡೆ ತಿರುಗಿ, "ನೀವು ಬಿಎಸ್‌ಸಿ ಅಲ್ವೇನ್ರೀ? ನೀವೇ ಏನಾದರೂ ಮಾಡಿ" ಎಂದರು. ಬಿಎಸ್‌ಸಿಯಲ್ಲಿ ನಾನು ಓದಿದ್ದು ಸಸ್ಯಶಾಸ್ತ್ರ. ಅದನ್ನು ಹೇಳುವ ಸಮಯ ಅದಾಗಿರಲಿಲ್ಲ.

ಇಂಥ ಕೆಲಸಕ್ಕೆ ಚಿತ್ರವಿರುವ ಪರದೆ, ಇಲಿಯ ಕ್ಲಿಕ್ಕು ಇವುಗಳ ಸಹವಾಸ ಬೇಡ. ದೂರದ ಯಂತ್ರದ ಇಡೀ ಪರದೆಯನ್ನು ಚಿತ್ರವಾಗಿ ತರಿಸಿಕೊಳ್ಳಲು ಅಗಲವಾದ ದಾರಿ ಬೇಕು. ಒಂದು ಸಾಲು ಅಕ್ಷರ ಹೋಗಿ ಬರಲು ಕಿರುಗಾಲುವೆ ಸಾಕು. ಆಜ್ಞೆಗಳೂ ಅಷ್ಟೇ ಚಿಕ್ಕವು. ಪಟ್ಟಿ ಬೇಕೆ, 'ಎಲ್‌ಎಸ್' ಎಂದು ಎರಡಕ್ಷರ ಒತ್ತಿ. ನಕಲು ಮಾಡಲು 'ಸಿಪಿ', ಸ್ಥಳ ಬದಲಿಸಲು 'ಎಂವಿ', ಅಳಿಸಲು 'ಆರ್‌ಎಂ'. ಈ ಜಿಪುಣತನಕ್ಕೆ ಇತಿಹಾಸವಿದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದಾಗ ಅವರ ಮುಂದಿದ್ದುದು ಟೆಲಿಟೈಪ್ ಎಂಬ ಭಾರವಾದ ಬೆರಳಚ್ಚು ಯಂತ್ರ. ಅದು ಕಾಗದದ ಮೇಲೆ ಸೆಕೆಂಡಿಗೆ ಹತ್ತಕ್ಷರ ಮಾತ್ರ ಅಚ್ಚೊತ್ತುತ್ತಿತ್ತು. ಅಂಥಲ್ಲಿ ಯಾರು ತಾನೇ ಉದ್ದುದ್ದ ಬರೆದಾರು?

ನಮ್ಮ ತಂತಿ ಕಚೇರಿಯ ಕಾಲವನ್ನು ನೆನೆಸಿಕೊಳ್ಳಿ. 2013ರ ಜುಲೈಯಲ್ಲಿ ತಂತಿ ಸೇವೆ ನಿಂತೇ ಹೋಯಿತು. ಆದರೆ ಪದಕ್ಕಿಷ್ಟು ಎಂದು ಕಾಸು ಎಣಿಸಿದವರಿಗೆ ಭಾಷೆಯನ್ನು ಹಿಂಡುವುದು ಹೇಗೆಂದು ಗೊತ್ತು. ಮದುವೆಯ ಶುಭಾಶಯಕ್ಕೆ, ಹಬ್ಬದ ಹಾರೈಕೆಗೆ ಒಂದೊಂದು ಅಂಕೆಯೇ ಗೊತ್ತಾಗಿತ್ತು. ಅಂಕೆ ಕೊಟ್ಟರೆ ಆ ಕಡೆ ಪೂರಾ ವಾಕ್ಯವಾಗಿ ಮುಟ್ಟುತ್ತಿತ್ತು. ಕಪ್ಪು ಪರದೆಯ ಭಾಷೆ ಆ ಜಾತಿಯದು.

ಇನ್ನು ದೂರದ ಯಂತ್ರದ ಬಾಗಿಲು ತಟ್ಟುವ ಸಲಕರಣೆ. ಅದರ ಹೆಸರು ಎಸ್‌ಎಸ್‌ಎಚ್. ಇದಕ್ಕೆ ಮುಂಚೆ ಟೆಲ್‌ನೆಟ್ ಎಂಬುದಿತ್ತು. ಅದರಲ್ಲಿ ಮಾತೆಲ್ಲ ಪೋಸ್ಟ್ ಕಾರ್ಡಿನಂತೆ ಬಯಲು. ಗುಪ್ತಪದವನ್ನೂ ದಾರಿಯಲ್ಲಿ ಕುಳಿತವರು ಓದಿಕೊಳ್ಳಬಹುದಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೀಗೆ ಗುಪ್ತಪದಗಳನ್ನು ಕದ್ದರು. ಅಲ್ಲಿನ ಸಂಶೋಧಕ ತಾತು ಇಲೊನೆನ್ ಅದೇ ವರ್ಷ ಎಸ್‌ಎಸ್‌ಎಚ್ ಬರೆದು ಹೊರತಂದರು. ಇದರಲ್ಲಿ ಮಾತು ಮೊಹರು ಮಾಡಿದ ಲಕೋಟೆಯಲ್ಲಿ ಹೋಗುತ್ತದೆ. ದಾರಿಯಲ್ಲಿ ಹಿಡಿದವನಿಗೆ ಅರ್ಥವಿಲ್ಲದ ಅಕ್ಷರರಾಶಿ ಮಾತ್ರ ಸಿಗುತ್ತದೆ. ಗಣಕಯಂತ್ರದ ಸೇವೆಗಳಿಗೆ ಒಂದೊಂದು ಬಾಗಿಲ ಸಂಖ್ಯೆ ಇರುತ್ತದೆ. 21 ಕಡತ ಸಾಗಣೆಗೆ, 23 ಟೆಲ್‌ನೆಟ್ಟಿಗೆ ಹೋಗಿತ್ತು. ನಡುವೆ ಖಾಲಿ ಇದ್ದ 22ನ್ನು ಇಲೊನೆನ್ ಕೇಳಿ ಪಡೆದರು. 1999ರಲ್ಲಿ ಓಪನ್‌ಬಿಎಸ್‌ಡಿ ಬಳಗದವರು ಇದರ ಮುಕ್ತ ಆವೃತ್ತಿ ಕೊಟ್ಟರು. ಇಂದು ಲಿನಕ್ಸ್ ಸರ್ವರುಗಳಲ್ಲಿ ಸಾಮಾನ್ಯವಾಗಿ ಇರುವುದು ಅದೇ.

ಎಸ್‌ಎಸ್‌ಎಚ್‌ನಲ್ಲಿ ನನಗೆ ಹಿಡಿಸಿದ ಗುಣ ಎರಡು. ಮೊದಲನೆಯದು ಅದರ ಸಂಶಯ ಬುದ್ಧಿ. ಮೊದಲ ಸಲ ಒಂದು ಯಂತ್ರಕ್ಕೆ ಹೋದಾಗ, "ಇದರ ಬೆರಳಚ್ಚು ಇಂಥದು, ಇವರು ನಿಮ್ಮವರೇ ಹೌದೇ?" ಎಂದು ಕೇಳಿ ಬರೆದಿಟ್ಟುಕೊಳ್ಳುತ್ತದೆ. ಮುಂದೆ ಆ ಗುರುತು ಬದಲಾದರೆ ದೊಡ್ಡ ಅಕ್ಷರದಲ್ಲಿ ಕೂಗಿ ತಡೆಯುತ್ತದೆ. ಎರಡನೆಯದು ಕೀಲಿಯ ಪದ್ಧತಿ. ಗುಪ್ತಪದಕ್ಕೆ ಬದಲಾಗಿ ಒಂದು ಜೋಡಿ ಮಾಡಿಕೊಳ್ಳಬಹುದು: ಒಂದು ಬೀಗವಿದ್ದಂತೆ, ಇನ್ನೊಂದು ಅದರ ಕೀಲಿಯಿದ್ದಂತೆ. ಬೀಗವನ್ನು ಸರ್ವರಿಗೆ ಕೊಟ್ಟುಬಿಡುವುದು. ಕೀಲಿ ನಮ್ಮ ಮನೆ ಬಿಟ್ಟು ಹೊರಡುವುದಿಲ್ಲ. ಕೀಲಿ ನಮ್ಮಲ್ಲಿದೆ ಎಂದು ರುಜುವಾತು ಮಾಡುವಾಗಲೂ ಅದನ್ನು ಆ ಕಡೆಗೆ ಕಳಿಸಬೇಕಾಗಿಲ್ಲ. ಸಂಘದ ಬೀಗದ ಕೈಯನ್ನು ಐದು ಜನರಿಗೆ ಹಂಚಿ, ಕೊನೆಗೆ ಯಾರ ಹತ್ತಿರ ಇದೆಯೆಂದು ತಿಳಿಯದೆ ಬಾಗಿಲ ಹೊರಗೆ ನಿಂತವರಿಗೆ ಈ ಏರ್ಪಾಡಿನ ಬೆಲೆ ಗೊತ್ತಾಗುತ್ತದೆ.

ಒಳಗೆ ಹೋದ ಮೇಲೆ ಮೊದಲ ಕೆಲಸ ಏನನ್ನೂ ಮುಟ್ಟದೆ ನೋಡುವುದು. ಮನೆಯ ಯಂತ್ರಕ್ಕೂ ದೂರದ ಯಂತ್ರಕ್ಕೂ ಪರದೆ ಒಂದೇ ತರಹ. 'ಹೋಸ್ಟ್‌ನೇಮ್' ಎಂದರೆ ಯಾರ ಮನೆಯಲ್ಲಿದ್ದೀರಿ ಎಂದು ಹೇಳುತ್ತದೆ. 'ಪಿಡಬ್ಲ್ಯುಡಿ' ಎಂದರೆ ಯಾವ ಕೋಣೆಯಲ್ಲಿ ಎಂದು. ನಮ್ಮ ಸರಕಾರಿ ಕಿವಿಗೆ ಇದು ಲೋಕೋಪಯೋಗಿ ಇಲಾಖೆಯಂತೆ ಕೇಳುತ್ತದೆ. ಆದರೆ ಇದು ಕೇಳಿದ ಕೂಡಲೇ ಉತ್ತರ ಕೊಡುತ್ತದೆ. 'ಡಿಎಫ್' ಉಗ್ರಾಣದಲ್ಲಿ ಎಷ್ಟು ಜಾಗ ಉಳಿದಿದೆಯೆಂದೂ 'ಡಿಯು' ಯಾವ ಗಂಟು ಎಷ್ಟು ಜಾಗ ತಿಂದಿದೆಯೆಂದೂ ತಿಳಿಸುತ್ತವೆ. 'ಟಾಪ್' ಎಂದರೆ ಯಾವ ಕೆಲಸ ಯಂತ್ರದ ಶಕ್ತಿಯನ್ನು ಎಷ್ಟು ಹೀರುತ್ತಿದೆ ಎಂಬ ಹಾಜರಿ ಪಟ್ಟಿ. 'ಟೇಲ್' ದಿನಚರಿಯ ಕೊನೆಯ ಸಾಲುಗಳನ್ನು ತೋರಿಸುತ್ತದೆ. ಅದಕ್ಕೆ 'ಎಫ್' ಎಂಬ ಬಾಲ ಸೇರಿಸಿದರೆ ಹೊಸ ಸಾಲು ಬಿದ್ದಂತೆಲ್ಲ ತೋರಿಸುತ್ತಲೇ ಇರುತ್ತದೆ. ನಿಮ್ಮ ಮಗ ರಾತ್ರಿ ನೋಡುತ್ತಿರುವ ಸರಸರ ಏರುವ ಸಾಲುಗಳು ಬಹುಮಟ್ಟಿಗೆ ಇವೇ.

ಉದ್ದದ ಕಡತ ಓದುವುದಕ್ಕೆ ಮೊದಲು 'ಮೋರ್' ಎಂಬುದಿತ್ತು. ಅದು ಒಂದು ಪರದೆ ತೋರಿಸಿ, ಇನ್ನೂ ಹೆಚ್ಚು ಇದೆ ಎಂದು ಹೇಳಿ ನಿಲ್ಲುತ್ತಿತ್ತು. ಹಿಂದಕ್ಕೆ ಬರಲು ಅದಕ್ಕೆ ಸಂಕಟ. 1980ರ ದಶಕದಲ್ಲಿ ಮಾರ್ಕ್ ನ್ಯೂಡಲ್‌ಮನ್ ಎಂಬವರು ಹಿಂದಕ್ಕೂ ಮುಂದಕ್ಕೂ ಹೋಗುವ ಸಾಧನ ಬರೆದು ಅದಕ್ಕೆ 'ಲೆಸ್' ಎಂದು ಹೆಸರಿಟ್ಟರು. ಹೆಚ್ಚು ಎಂಬುದಕ್ಕಿಂತ ಕಡಿಮೆ ಎಂಬುದೇ ಹೆಚ್ಚು ಕೆಲಸ ಮಾಡುವ ಈ ಲೋಕದಲ್ಲಿ ಹಾಸ್ಯಕ್ಕೂ ಜಾಗವಿದೆಯೆಂದು ನನಗೆ ಸಮಾಧಾನವಾಯಿತು.

ಇವುಗಳಲ್ಲಿ ನನಗೆ ಅಚ್ಚುಮೆಚ್ಚು 'ಗ್ರೆಪ್'. ಸಾವಿರ ಕಡತಗಳಲ್ಲಿ ಒಂದು ಮಾತು ಎಲ್ಲಿದೆಯೆಂದು ಹುಡುಕಿ ಆ ಸಾಲನ್ನೇ ಎತ್ತಿ ಕೊಡುತ್ತದೆ. ಇದನ್ನು 1973ರ ಸುಮಾರಿಗೆ ಬರೆದವರು ಅದೇ ಕೆನ್ ಥಾಂಪ್ಸನ್. ತರುಣರು ಪುಟಗಳ ಜೊತೆಗೆ ಲೇಖನಗಳ ಸೂಚಿಯೊಂದನ್ನೂ ಕನ್ನಡದಲ್ಲಿ ಟೈಪು ಮಾಡಿ ಇಟ್ಟಿದ್ದರು. ಗ್ರೆಪ್ಪಿಗೆ ಕನ್ನಡ ಪದ ಕೊಟ್ಟೆ, ಹುಡುಕಿ ತಂದಿತು. ಕಪ್ಪು ಪರದೆಯಲ್ಲಿ ಒತ್ತಕ್ಷರಗಳು ಒಡೆದು, ಕೊಂಬು ದೀರ್ಘಗಳು ಅತ್ತಿತ್ತ ಸರಿದು ವಿಕಾರವಾಗಿ ಕಂಡವು. ಆದರೆ ಒಳಗಿನ ಬರಹಕ್ಕೆ ಏನೂ ಆಗಿರಲಿಲ್ಲ. ಅದಕ್ಕೂ ಕಾರಣ ಥಾಂಪ್ಸನ್ನರೇ. 1992ರಲ್ಲಿ ಅವರು ರಾಬ್ ಪೈಕ್ ಜೊತೆ ಸೇರಿ ರೂಪಿಸಿದ ಯುಟಿಎಫ್-8 ಎಂಬ ಪದ್ಧತಿಯಲ್ಲೇ ಇಂದು ಅಂತರ್ಜಾಲದ ಕನ್ನಡವೆಲ್ಲ ಹೆಚ್ಚಾಗಿ ಕುಳಿತಿದೆ. ನಮ್ಮ ಒಂದೊಂದು ಮೂಲಾಕ್ಷರಕ್ಕೂ ಅದರಲ್ಲಿ ಮೂರು ಬೈಟುಗಳ ಜಾಗ. ಕನ್ನಡದ ಒಂದಕ್ಷರವೂ ತಿಳಿಯದ ಮನುಷ್ಯನೊಬ್ಬ ಕನ್ನಡಕ್ಕೂ ಸೇರಿಸಿ ಜಾಗ ಮಾಡಿದ್ದಾನೆ ಎಂದು ಆ ರಾತ್ರಿ ಅನ್ನಿಸಿತು.

ನೋಡಿದ್ದಾಯಿತು. ಸಾಮಾನು 160 ಗಿಗಾಬೈಟು. ಅದನ್ನು ತರುವ ಮೊದಲು ಅಲ್ಲಿ ಒಂದು ದೊಡ್ಡ ಲೆಕ್ಕ ಹಾಕಬೇಕಾಗಿತ್ತು. ಅದರ ವಿಷಯ ಮುಂದೆ ಹೇಳುತ್ತೇನೆ. ಗಂಟೆಗಟ್ಟಲೆ ಹಿಡಿಯುವ ಲೆಕ್ಕ. ನಾನಿರುವ ಡೊಂಬಿವಲಿಯಲ್ಲೋ ಮಳೆಗಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಎಸ್‌ಎಸ್‌ಎಚ್ ಸಂಪರ್ಕ ಕಡಿದರೆ ಅದರ ಮೂಲಕ ಶುರು ಮಾಡಿದ ಕೆಲಸವೂ ಸಾಮಾನ್ಯವಾಗಿ ನಿಂತುಹೋಗುತ್ತದೆ. ಆ ನಿಲ್ಲಿಸುವ ಸೂಚನೆಗೆ ಇಂದಿಗೂ 'ಹ್ಯಾಂಗಪ್' ಎಂದೇ ಹೆಸರು. ದೂರವಾಣಿ ತಂತಿಯ ಮೇಲೆ ಗಣಕಯಂತ್ರಕ್ಕೆ ಮಾತಾಡುತ್ತಿದ್ದ ಕಾಲದಲ್ಲಿ ಫೋನು ಇಟ್ಟರೆ ಕೆಲಸ ಮುಗಿಯಿತು ಎಂದರ್ಥ.

ಇದಕ್ಕೆ ಮದ್ದು 'ಸ್ಕ್ರೀನ್' ಮತ್ತು 'ಟಿಮಕ್ಸ್'. ಸ್ಕ್ರೀನ್ ಹುಟ್ಟಿದ್ದು 1987ರಲ್ಲಿ. ಟಿಮಕ್ಸನ್ನು ನಿಕೊಲಸ್ ಮ್ಯಾರಿಯಟ್ 2007ರಲ್ಲಿ ಹೊರತಂದರು. ಇವು ದೂರದ ಯಂತ್ರದಲ್ಲೇ ಒಂದು ಮೇಜು ಹಾಕಿಕೊಟ್ಟಂತೆ. ನೀವು ಕೆಲಸ ಹಚ್ಚಿ ಎದ್ದು ಬರಬಹುದು. ಕರೆಂಟು ಹೋಗಲಿ, ಲ್ಯಾಪ್‌ಟಾಪು ಮುಚ್ಚಲಿ, ಮೇಜಿನ ಮೇಲಿನ ಕೆಲಸ ಅಲ್ಲಿ ನಡೆದೇ ಇರುತ್ತದೆ. ಮತ್ತೆ ಹೋಗಿ 'ಅಟ್ಯಾಚ್' ಎಂದರೆ ಬಿಟ್ಟು ಬಂದ ಪರದೆ ಹಾಗೆಯೇ ಎದುರಿಗೆ ಬರುತ್ತದೆ. ನಾನು ಬೆಳಿಗ್ಗೆ ಮನೆಯಲ್ಲಿ ಕೆಲಸ ಹಚ್ಚಿ, ಲೋಕಲಿನಲ್ಲಿ ನಿಂತು ಮೊಬೈಲಿನಿಂದ ಅದೇ ಮೇಜನ್ನು ನೋಡಿದೆ. ಕಳವಾ ಹತ್ತಿರ ಸಿಗ್ನಲ್ ಹೋಯಿತು, ಠಾಣೆಯಲ್ಲಿ ಬಂತು, ಮುಲುಂಡದಲ್ಲಿ ಮತ್ತೆ ಹೋಯಿತು. ಲೆಕ್ಕಕ್ಕೆ ಅದರ ಪರಿವೆಯೇ ಇರಲಿಲ್ಲ. ಹೀಗೆ ಓಡಾಡುತ್ತ ಕೆಲಸ ಮಾಡುವವರಿಗೆಂದೇ 'ಮಾಶ್' ಎಂಬುದೂ ಇದೆ. ಅಮೆರಿಕದ ಎಂಐಟಿಯಲ್ಲಿ ಕೀತ್ ವಿನ್‌ಸ್ಟೈನ್ ಮತ್ತು ಹರಿ ಬಾಲಕೃಷ್ಣನ್ 2012ರಲ್ಲಿ ಅದನ್ನು ಪ್ರಕಟಿಸಿದರು. ಒಂದು ಜಾಲ ಬಿಟ್ಟು ಇನ್ನೊಂದು ಹಿಡಿದರೂ ಮಾತು ಕಡಿಯದಂತೆ ನೋಡಿಕೊಳ್ಳುತ್ತದೆ.

ಈಗ ಸಾಗಣೆ. ಆ ಅಗ್ಗದ ಸರ್ವರಿನಿಂದ ಸೆಕೆಂಡಿಗೆ ಒಂದು ಮೆಗಾಬೈಟಿಗಿಂತ ಹೆಚ್ಚು ಹೊರಡುತ್ತಿರಲಿಲ್ಲ. 160 ಗಿಗಾಬೈಟು ಎಂದರೆ ಒಂದು ಲಕ್ಷದ ಅರವತ್ತು ಸಾವಿರ ಸೆಕೆಂಡು. ಸುಮಾರು 44 ಗಂಟೆ. ಹಗಲಲ್ಲಿ ಲ್ಯಾಪ್‌ಟಾಪು ಮಗಳ ಓದಿಗೆ ಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಒಂಬತ್ತು ಗಂಟೆಯಂತೆ ಐದು ರಾತ್ರಿ. ನಡುವೆ ಕಡಿಯುವುದಕ್ಕೆಂದು ಒಂದೆರಡು ರಾತ್ರಿ ಸೇರಿಸಿದರೂ ಗಡುವಿನೊಳಗೆ ಆದೀತು. ಆದರೆ ಕಡಿದಾಗಲೆಲ್ಲ ಮೊದಲಿನಿಂದ ಶುರು ಮಾಡುವಂತಿದ್ದರೆ ಜನ್ಮದಲ್ಲಿ ಮುಗಿಯದು. ಅಲ್ಲಿಯೇ 'ಆರ್‌ಸಿಂಕ್' ಎಂಬುದರ ಮಹಿಮೆ.

ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಇದನ್ನು 1996ರಲ್ಲಿ ಬರೆದರು. ಇದು ಎರಡೂ ಕಡೆಯ ಪಟ್ಟಿಗಳನ್ನು ತಾಳೆ ನೋಡಿ, ಆಗಲೇ ಬಂದು ಮುಟ್ಟಿದ ಕಡತಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ತರುತ್ತದೆ. ಅರ್ಧ ಬಂದು ನಿಂತ ಕಡತವನ್ನು ಬಿಸಾಡಬೇಡವೆಂದು 'ಪಾರ್ಷಿಯಲ್' ಎಂಬ ಸೂಚನೆ ಕೊಟ್ಟರೆ ಆ ಅರ್ಧವನ್ನೂ ಉಪಯೋಗಿಸಿಕೊಳ್ಳುತ್ತದೆ. ತಿದ್ದಿದ ಕಡತವಾದರೆ ಬದಲಾದ ಭಾಗವಷ್ಟನ್ನೇ ತರಬಲ್ಲದು. ಅದು ಹೇಗೆಂದು ಗುಮಾಸ್ತನ ಭಾಷೆಯಲ್ಲಿ ಹೇಳುತ್ತೇನೆ. ಮುಂಬಯಿಯಲ್ಲೊಂದು, ದಿಲ್ಲಿಯಲ್ಲೊಂದು ಲೆಡ್ಜರಿದೆ. ಎರಡೂ ಒಂದೇ ತರಹ ಇವೆಯೇ ಎಂದು ಟ್ರಂಕ್ ಕಾಲಿನಲ್ಲಿ ನೋಡಬೇಕು. ಪೂರಾ ಲೆಡ್ಜರನ್ನು ಓದಿ ಹೇಳುವ ಅಗತ್ಯವಿಲ್ಲ. ನಾನು ನನ್ನ ಪುಟಪುಟದ ಮೊತ್ತವನ್ನು ಹೇಳುತ್ತೇನೆ. ದಿಲ್ಲಿಯವನು ಮೊತ್ತ ಕೂಡದ ಪುಟವನ್ನಷ್ಟೇ ಓದಿ ಹೇಳುತ್ತಾನೆ. ಆದರೆ ದಿಲ್ಲಿಯ ಲೆಡ್ಜರಿನಲ್ಲಿ ಮೊದಲಿಗೇ ಒಂದು ಸಾಲು ಹೆಚ್ಚಾಗಿ ಸೇರಿದ್ದರೆ? ಎಲ್ಲ ಪುಟಗಳೂ ಒಂದು ಸಾಲು ಕೆಳಗೆ ಸರಿದು ಒಂದು ಮೊತ್ತವೂ ಕೂಡುವುದಿಲ್ಲ. ಅದಕ್ಕೆ ಆರ್‌ಸಿಂಕ್ ಅಡಿಪಟ್ಟಿಯನ್ನು ಒಂದೊಂದೇ ಹೆಜ್ಜೆ ಸರಿಸುತ್ತ, ಎಲ್ಲಿಂದ ಎಲ್ಲಿಗೆ ಕೂಡಿದರೆ ಹಳೆಯ ಮೊತ್ತ ಬರುತ್ತದೆಂದು ಹುಡುಕುತ್ತದೆ. ಹಾಗೆ ಸರಿಸುವಾಗ ಪ್ರತಿಸಲ ಹೊಸದಾಗಿ ಕೂಡದೆ, ಮೇಲಿನದನ್ನು ಕಳೆದು ಕೆಳಗಿನದನ್ನು ಸೇರಿಸುತ್ತ ಹೋಗುವ ಯುಕ್ತಿ ಅದರಲ್ಲಿದೆ. ಇಪ್ಪತ್ತು ವರ್ಷ ಲೆಡ್ಜರು ತಾಳೆ ನೋಡಿದವನಿಗೆ ಇದನ್ನು ಓದಿದಾಗ ರೋಮಾಂಚನವಾಗದೆ ಇದ್ದೀತೆ?

ಅದಕ್ಕೂ ಮುಂಚೆ 'ಡ್ರೈ ರನ್' ಮಾಡಿಸಿದೆ. ಮೇಳದವರು ವೇಷ ಕಟ್ಟದೆ ಪ್ರಸಂಗವನ್ನು ಒಮ್ಮೆ ನಡೆಸಿ ನೋಡುವಂತೆ, ಏನನ್ನೂ ಮುಟ್ಟದೆ ಏನೇನು ಮಾಡುವೆನೆಂದು ಅದು ಹೇಳಿ ತೋರಿಸುತ್ತದೆ. ಕಡತಪೆಟ್ಟಿಗೆಯ ಹೆಸರಿನ ಕೊನೆಗೆ ಒಂದು ಓರೆಗೆರೆ ಇದ್ದರೆ ಒಳಗಿನ ಸಾಮಾನು ಮಾತ್ರ, ಇಲ್ಲದಿದ್ದರೆ ಪೆಟ್ಟಿಗೆ ಸಮೇತ ಎಂಬಂಥ ಸೂಕ್ಷ್ಮಗಳು ಆಗಲೇ ಕಣ್ಣಿಗೆ ಬೀಳುತ್ತವೆ.

ಮೊದಲ ರಾತ್ರಿ ಎರಡು ಸಲ ಸಂಪರ್ಕ ಕಡಿಯಿತು. ಮೂರನೆಯ ರಾತ್ರಿ ಗುಡುಗು ಸಿಡಿಲಿಗೆ ಕರೆಂಟು ಹೋಗಿ ಬಂದದ್ದಕ್ಕೆ ಲೆಕ್ಕವಿಲ್ಲ. ಪ್ರತಿ ಸಲವೂ ಅದೇ ಆಜ್ಞೆಯನ್ನು ಮತ್ತೆ ಒತ್ತುವುದು; ಬಿಟ್ಟಲ್ಲಿಂದ ಮುಂದಕ್ಕೆ. ಮನೆಯವಳು ಎರಡು ಗಂಟೆಗೆ ಎದ್ದು ನೋಡಿ, "ಇದೇನು, ಹೆಣ ಕಾದಂತೆ ಪೆಟ್ಟಿಗೆ ಕಾಯ್ತಾ ಕೂತಿದ್ದೀರಿ?" ಎಂದಳು. ಆಗ ಪರದೆಯ ಮೇಲೆ 1983ರ ಸಂಚಿಕೆಗಳ ಹೆಸರು ಏರುತ್ತಿದ್ದವು. ಅವಳಿಗೂ ತೋರಿಸಿದೆ. "ನಾನಿನ್ನೂ ತೊಟ್ಟಿಲಲ್ಲಿದ್ದ ವರ್ಷ" ಎನ್ನುತ್ತ ಸ್ವಲ್ಪ ಹೊತ್ತು ನನ್ನ ಪಕ್ಕ ಕುಳಿತಳು.

ಆರನೆಯ ಬೆಳಿಗ್ಗೆ ಎಲ್ಲ ಬಂದಿತ್ತು. ಆದರೆ ಬಂದದ್ದು ಸರಿಯಾಗಿಯೇ ಬಂದಿದೆಯೇ? ಮೊದಲೇ ಹೇಳಿದ ಲೆಕ್ಕ ಇದಕ್ಕಾಗಿ. 'ಶಾ 256 ಸಮ್' ಎಂಬ ಸಾಧನ ಎಷ್ಟೇ ದೊಡ್ಡ ಕಡತವನ್ನು ಕೊಟ್ಟರೂ ಅದನ್ನು ಅರೆದು 64 ಅಕ್ಷರಗಳ ಒಂದು ಗುರುತಿಗೆ ಇಳಿಸುತ್ತದೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಗುರುತು ಪೂರಾ ಬೇರೆ. ಸರ್ವರಿನಲ್ಲಿ ಟಿಮಕ್ಸ್ ಮೇಜಿನ ಮೇಲೆ ಎಲ್ಲ ಕಡತಗಳ ಗುರುತು ಮಾಡಿಸಿ ಪಟ್ಟಿ ಬರೆಸಿದ್ದೆ. ಆ ಪಟ್ಟಿಯನ್ನು ಇಲ್ಲಿಗೆ ತಂದ ಪ್ರತಿಯೊಂದಿಗೆ ತಾಳೆ ನೋಡಿದೆ. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಸಾಲು 'ಓಕೆ'. ಎರಡು ಸಾಲು ಮಾತ್ರ 'ಫೇಲ್ಡ್'.

ತಂದಿಟ್ಟ ಹಳೆಯ ಡಿಸ್ಕಿನಲ್ಲಿ ಆ ಎರಡು ಪುಟ ಬರೆದ ಜಾಗವೇ ಹಾಳಾಗಿತ್ತು. ಆರ್‌ಸಿಂಕ್ ಸಾಮಾನ್ಯವಾಗಿ ಕಡತದ ಗಾತ್ರ ಮತ್ತು ವೇಳೆ ನೋಡಿ ಸುಮ್ಮನಾಗುತ್ತದೆ. ಎರಡೂ ಸರಿಯಾಗಿಯೇ ಇದ್ದವು. ಒಳಗಿನದನ್ನೂ ಓದಿ ನೋಡು ಎಂದು 'ಚೆಕ್‌ಸಮ್' ಸೂಚನೆ ಕೊಟ್ಟು, ಬೇರೆ ಡಿಸ್ಕಿಗೆ ಮತ್ತೆ ತರಿಸಿದೆ. ಆಮೇಲೆ ಆ ಎರಡು ಪುಟಗಳನ್ನು ತೆರೆದು ನೋಡಿದೆ. ಅವು ನಮ್ಮ ಸಂಘದ ಹಿರಿಯರೊಬ್ಬರು ಗಿರಣಿ ಮುಷ್ಕರದ ದಿನಗಳಲ್ಲಿ ಕನ್ನಡ ಕಾರ್ಮಿಕರ ಚಾಳುಗಳಲ್ಲಿ ಸುತ್ತಾಡಿ ಬರೆದ ಲೇಖನದ ಪುಟಗಳು. 1982ರಲ್ಲಿ ಶುರುವಾದ ಆ ಮುಷ್ಕರದಲ್ಲಿ ಎಷ್ಟು ಮನೆಗಳು ಮುಂಬಯಿ ಬಿಟ್ಟು ಊರಿಗೆ ಹಿಂದಿರುಗಿದವೆಂದು ಈಗಿನವರಿಗೆ ಗೊತ್ತಿಲ್ಲ. ಬರೆದವರು ಈಗಿಲ್ಲ. ಅವರ ಮನೆಯ ಪ್ರತಿಗಳೂ 2005ರ ನೀರಿನಲ್ಲಿ ಹೋದವು.

ಪುಟಗಳನ್ನು ಅಚ್ಚು ಹಾಕಿಸಿ ಅವರ ಪತ್ನಿಗೆ ಕೊಟ್ಟು ಬಂದೆ. ಎಂಬತ್ತು ದಾಟಿದ ಆ ತಾಯಿ ಕನ್ನಡಕ ಹಾಕಿಕೊಂಡು ಓದತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ, "ಈ ಚಾಳಿಗೆ ನಾನೂ ಹೋಗಿದ್ದೆ, ಅವರ ಜೊತೆ. ಇಲ್ಲಿ ಬರೆದ ಆ ಚಾ ಕೊಟ್ಟ ಹೆಂಗಸು ನಮ್ಮ ಊರಿನವಳು" ಎಂದರು. ಮುಂದಿನ ಅರ್ಧ ಗಂಟೆ ಅವರು ಹೇಳಿದ್ದು ಯಾವ ಪುಟದಲ್ಲೂ ಇಲ್ಲ. ಸಂಘದ ತರುಣರು ಯಾರಾದರೂ ಹೋಗಿ ಅದನ್ನು ಬರೆದುಕೊಳ್ಳಬೇಕು, ತಡ ಮಾಡಬಾರದು.

ಈ ಸಲಕರಣೆಗಳನ್ನು ಮಾಡಿದವರಿಗೆ ನಮ್ಮ ಪತ್ರಿಕೆಯ ಹೆಸರೂ ಗೊತ್ತಿಲ್ಲ. ಆದರೆ ತಂತಿ ಕಡಿಯುತ್ತದೆ, ಕಳ್ಳ ದಾರಿಯಲ್ಲಿರುತ್ತಾನೆ, ಬಂದ ಸಾಮಾನು ಕೆಟ್ಟಿರಬಹುದು ಎಂದು ಅವರು ಮೊದಲೇ ಎಣಿಸಿ ಕೆಲಸ ಮಾಡಿದ್ದರಿಂದ ನಮ್ಮ ಪುಟಗಳು ಉಳಿದವು. ಅವುಗಳಲ್ಲಿ ಹೆಚ್ಚಿನವು ಪುಕ್ಕಟೆ ಸಿಗುತ್ತವೆ. ಕಲಿಯಲು ವಯಸ್ಸಿನ ಅಡ್ಡಿಯಿಲ್ಲ. 'ಮ್ಯಾನ್' ಎಂದು ಹೇಳಿ ಯಾವುದೇ ಆಜ್ಞೆಯ ಹೆಸರು ಕೊಟ್ಟರೆ ಅದರ ಕೈಪಿಡಿ ಎದುರಿಗೆ ಬರುತ್ತದೆ. ಎಚ್ಚರ ಮಾತ್ರ ಬೇಕು. 'ಆರ್‌ಎಂ' ಎಂದು ಅಳಿಸಿದ್ದಕ್ಕೆ ಅಲ್ಲಿ ಕಸದ ಬುಟ್ಟಿಯಿಲ್ಲ, ಹೋದದ್ದು ಹೋದಂತೆಯೇ. ದೂರದ ಯಂತ್ರಕ್ಕೆ 'ಶಟ್‌ಡೌನ್' ಎಂದು ಹೇಳಿಬಿಟ್ಟರೆ ಮತ್ತೆ ಗುಂಡಿ ಒತ್ತಲು ಅಲ್ಲಿ ನಿಮ್ಮ ಕೈ ಇರುವುದಿಲ್ಲ. ಬಾಡಿಗೆ ಕೊಟ್ಟವರ ಬಾಗಿಲಿಗೆ ಹೋಗಬೇಕು.

ಈಗ ಹಳೆಯ ಸಂಚಿಕೆಗಳ ಪ್ರತಿ ಮೂರು ಕಡೆ ಇದೆ: ಸಂಘದ ಕಚೇರಿಯಲ್ಲಿ, ಪುಣೆಯ ಸದಸ್ಯರೊಬ್ಬರ ಮನೆಯಲ್ಲಿ, ಇನ್ನೊಂದು ಹೊಸ ಸರ್ವರಿನಲ್ಲಿ. ಪ್ರತಿ ತಿಂಗಳ ಮೊದಲ ಭಾನುವಾರ ಮೂರನ್ನೂ ತಾಳೆ ನೋಡುವುದೆಂದು ಗೊತ್ತು ಮಾಡಿದ್ದೇವೆ. ಇನ್ನೂ ಹನ್ನೊಂದು ಸಂಚಿಕೆಗಳು ಸಿಕ್ಕಿಲ್ಲ. ನಿಮ್ಮ ಅಟ್ಟದ ಮೇಲೆ, ಊರಿನ ಪೆಟ್ಟಿಗೆಯಲ್ಲಿ, ಪಾತ್ರೆ ಸುತ್ತಿಟ್ಟ ಕಾಗದದಲ್ಲಿ ಎಲ್ಲಾದರೂ ಸಿಕ್ಕರೆ ಸಂಘಕ್ಕೆ ಒಂದು ಮಾತು ತಿಳಿಸಿ. ನಾನೇ ಬಂದು ತೆಗೆದುಕೊಂಡು ಹೋಗಿ, ಸ್ಕ್ಯಾನ್ ಮಾಡಿ, ಜೋಪಾನವಾಗಿ ಹಿಂದಕ್ಕೆ ತಂದುಕೊಡುತ್ತೇನೆ.